ಬಾಡಿಗೆ ನಾಲಿಗೆ

ಪೆಪ್ಪರಮೆಂಟನ್ನು ಯಾವತ್ತೂ ಕೊನೆಗೆ ಇಟ್ಟುಕೊಳ್ಳಿ. ಸಿಹಿಯ ರುಚಿ ನೋಡುವ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳಿಗೆ ನಾನು ಹೇಳಬಹುದಾದ ಬುದ್ಧಿಮಾತಿನಲ್ಲಿ ಅರ್ಧ ಇದೇ. ಉಳಿದರ್ಧ ಹೇಳಲು ಸ್ವಲ್ಪ ಹೊತ್ತು ಬೇಕು. ಅದನ್ನು ಕಲಿಯಲು ನನಗೆ ಇಡೀ ಯೌವನ ಬೇಕಾಯಿತು.

ನನ್ನ ತಮ್ಮನ ಮೊಮ್ಮಗಳು ಈಚೆಗೆ ಬಿಸ್ಕತ್ತಿನ ಕಂಪನಿಯೊಂದಕ್ಕೆ ಟೇಸ್ಟರ್ ಆಗಿ ಸೇರಿದಳು. ಬಿಳಿ ಕೋಟು, ಒಬ್ಬರೇ ಕೂರುವ ಗೂಡು, ಅಂಕ ಹಾಕುವ ಹಾಳೆ. "ಅಜ್ಜಿ, ನಿಮ್ಮ ಕಾಲದಲ್ಲಿ ಒಂದು ಸ್ಯಾಂಪಲ್ ಆದ್ಮೇಲೆ ಇನ್ನೊಂದಕ್ಕೆ ಮುಂಚೆ ಬಾಯಿ ಕ್ಲೀನ್ ಮಾಡೋಕೆ ಏನು ಕೊಡ್ತಿದ್ರು?" ಎಂದು ಕೇಳಿದಳು. "ಕಡ್ಲೆಪುರಿ" ಎಂದೆ. ತಮಾಷೆ ಎಂದುಕೊಂಡು ನಕ್ಕಳು. ತಮಾಷೆಯಲ್ಲ. ಆ ಕಡ್ಲೆಪುರಿಯ ಹಿಂದೆ ಒಂದು ಅವಮಾನವಿದೆ, ಒಬ್ಬ ಸಾಹುಕಾರರಿದ್ದಾರೆ, ನನಗೆ ಕನ್ನಡ ಬಂದ ಕಥೆಯಿದೆ.

ನಾನು ಹಾಸನದಲ್ಲಿ ಸಿಸ್ಟರ್‌ಗಳ ಸ್ಕೂಲಿನಲ್ಲಿ ಓದಿದವಳು. ಅಲ್ಲಿಂದ ಹೊರಬಿದ್ದಾಗ ನನ್ನ ಹತ್ತಿರ ಇದ್ದದ್ದು ಅಂದವಾದ ಹ್ಯಾಂಡ್‌ರೈಟಿಂಗು, ಟೈಪಿಂಗು, ನೆಟ್ಟಗೆ ಕೂರುವ ಬೆನ್ನು, ಮತ್ತು ಎಲ್ಲದಕ್ಕೂ 'ನೈಸ್' ಎನ್ನುವ ಅಭ್ಯಾಸ. ಮಳೆ ಬಂದರೆ ನೈಸ್, ಅಮ್ಮ ಮಾಡಿದ ಹುಳಿ ನೈಸ್, ಪಕ್ಕದ ಮನೆಯ ಮಗು ನೈಸ್. ಸಿಸ್ಟರ್‌ಗಳಿಗೆ ಆ ಪದ ಇಷ್ಟ. ಹೆಣ್ಣುಮಕ್ಕಳ ಬಾಯಲ್ಲಿ ಅದು ಯಾರಿಗೂ ನೋವು ಮಾಡುವುದಿಲ್ಲ, ಯಾರಿಗೂ ಏನನ್ನೂ ಹೇಳುವುದೂ ಇಲ್ಲ.

ಐವತ್ತರ ದಶಕ ಅರ್ಧ ದಾಟಿತ್ತು. ಪೇಟೆಯಲ್ಲಿ ಧರಣೇಂದ್ರಯ್ಯನವರೆಂಬ ಜೈನ ಸಾಹುಕಾರರದ್ದು ಮಿಠಾಯಿಯ ಸಗಟು ಅಂಗಡಿ. ಬೊಂಬಾಯಿ, ಮದರಾಸು, ಪುಣೆಗಳಿಂದ ತಗಡಿನ ಡಬ್ಬಗಳಲ್ಲಿ ಬರುವ ಟಾಫಿ, ಪೆಪ್ಪರಮೆಂಟು, ಬಣ್ಣದ ಸಕ್ಕರೆ ಗುಂಡುಗಳೆಲ್ಲ ಅವರಲ್ಲಿಂದಲೇ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಚಿಲ್ಲರೆ ಅಂಗಡಿಗಳ ಗಾಜಿನ ಭರಣಿಗಳಿಗೆ ಹೋಗುತ್ತಿದ್ದವು. ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಅವರಿಗೊಬ್ಬರು ಬೇಕಿತ್ತು. ಜೇನು, ಮೊಟ್ಟೆ ಸೇರಿದ್ದನ್ನು ಅವರು ಅಂಗಡಿಗೇ ತರಿಸುತ್ತಿರಲಿಲ್ಲ. ಹಾಗಾಗಿ ನನ್ನ ಪತ್ರಗಳೆಲ್ಲ, 'ತಮ್ಮ ಎಸ್ಟೀಮ್ಡ್ ಟಾಫಿಯಲ್ಲಿ ಎಗ್ ಇದೆಯೇ, ಕೈಂಡ್ಲಿ ಕನ್ಫರ್ಮ್' ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿದ್ದವು. ಸಭ್ಯವಾದ ಕೆಲಸ, ಕುರ್ಚಿಯ ಮೇಲೆ ಕೂತು ಮಾಡುವಂಥದ್ದು ಎಂದು ಅಪ್ಪ ಒಪ್ಪಿದ್ದರು.

ಸೇರಿದ ಮೊದಲ ಬೇಸಿಗೆಯಲ್ಲೇ ಕಂಪನಿಗಳವರೆಲ್ಲ ಒಟ್ಟಾಗಿ ಹಾಸನದ ಹೈಸ್ಕೂಲೊಂದರ ಹಾಲಿನಲ್ಲಿ ಟ್ರೇಡ್ ಶೋ ಇಟ್ಟರು. ಬಾಗಿಲ ಮೇಲೆ ದೊಡ್ಡ ಇಂಗ್ಲಿಷ್ ಬ್ಯಾನರು. ಊರವರು ಅದನ್ನು ಓದುವ ಗೋಜಿಗೆ ಹೋಗದೆ 'ಪೆಪ್ಪರಮೆಂಟ್ ಪರಸೆ' ಎಂದು ಹೆಸರಿಟ್ಟುಬಿಟ್ಟರು. ಒಳಗೆ ವ್ಯಾಪಾರಿಗಳಿಗೆ ಮಾತ್ರ ಪ್ರವೇಶ. ಹೊರಗೆ ಕಿಟಕಿ ಸರಳುಗಳಿಗೆ ಊರಿನ ಮಕ್ಕಳೆಲ್ಲ ನೇತುಬಿದ್ದಿದ್ದರು. ಬೆಂಚುಗಳ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಗೋಪುರದಂತೆ ಪೇರಿಸಿದ ಟಾಫಿ. ಏಲಕ್ಕಿ, ವೆನಿಲಾ, ಕಾದ ಸಕ್ಕರೆ ಎಲ್ಲ ಕಲೆತ ಒಂದು ವಾಸನೆ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ವಯಸ್ಸು ಮರೆತುಹೋಗುತ್ತದೆ. ಮಳಿಗೆಯಿಂದ ಮಳಿಗೆಗೆ ಹೋಗಿ ಒಂದೊಂದನ್ನೇ ಬಾಯಿಗೆ ಹಾಕಿಕೊಂಡು, ಹಿಡಿಸಿದ್ದಕ್ಕೆ ಆ ವರ್ಷದ ಆರ್ಡರ್ ಕೊಡುವುದು ಪದ್ಧತಿ.

ನಾನು ಬರೆದುಕೊಳ್ಳುವವಳೆಂದು ಪೆನ್ನು ಹಿಡಿದು ಹೋಗಿದ್ದೆ. ಬಲಗಡೆಯ ಮೊದಲ ಮಳಿಗೆಯ ಏಜೆಂಟ್ ಟಾಫಿಯ ತಟ್ಟೆಯನ್ನು ಮುಂದೆ ಚಾಚಿದ. ಸಾಹುಕಾರರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ತಗೋ ಅಮ್ಮಣ್ಣಿ" ಎಂದರು ನನಗೆ.

ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಅವರು ನೋಡುತ್ತಿದ್ದದ್ದು ನನ್ನ ದವಡೆಯನ್ನು.

"ಎಂಗೈತೆ?"

"ನೈಸ್" ಎಂದೆ.

"ನೈಸಾ?" ಅವರ ಹುಬ್ಬು ಮೇಲೆ ಹೋಯಿತು. "ನೈಸು ಅಂದ್ರೆ ನಮ್ ಕಡೆ ಗಿರಣೀಲಿ ಬೀಸಿದ ಹಿಟ್ಟು. ಇಲ್ಲಾಂದ್ರೆ ಯಾರ್ನಾದ್ರೂ ನೈಸ್ ಮಾಡೋದು, ಪೂಸಿ ಹೊಡೆಯೋದು. ಇದು ಎರಡ್ರಲ್ಲಿ ಯಾವ್ದು?"

"ಚೆನ್ನಾಗಿದೆ ಅಂತ."

"ನಮ್ಮೂರ ಕೆರೇನೂ ಚೆನ್ನಾಗೈತೆ. ಅದನ್ನ ಭರಣೀಲಿ ತುಂಬಿ ಮಾರಕ್ಕಾಯ್ತದಾ? ನಾಲ್ಗೆ ಮ್ಯಾಲೆ ಏನಾಯ್ತು, ಅದನ್ನ ಹೇಳು."

ಟಾಫಿ ಕರಗಿಹೋಗಿತ್ತು, ಅದರ ಜೊತೆ ಅದರ ನೆನಪೂ ಹೋಗಿತ್ತು. ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷು ಎಂದು ಎರಡು ಭಾಷೆಗಳಿದ್ದೂ ನಾಲಿಗೆಯ ಮೇಲೆ ಆದದ್ದನ್ನು ಹೇಳಲು ಎರಡರಲ್ಲೂ ನನ್ನ ಬಳಿ ಪದವಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಚನ್ನರಾಯಪಟ್ಟಣದ ವ್ಯಾಪಾರಿ ನಂಜುಂಡಶೆಟ್ಟರು ಹಾಲ್ ತುಂಬ ಕೇಳುವಂತೆ ಹೇಳಿದರು:

"ಏನ್ ಸಾವ್ಕಾರ್ರೇ, ನಾಲ್ಗೇನ ಬಾಡ್ಗೆಗೆ ತಂದಿದ್ದೀರಾ? ಬಾಡ್ಗೆ ಎತ್ತು ತರೋನೂ ಉಳುಮೆ ಬತ್ತದಾ ಅಂತ ನೋಡ್ಕಂಡ್ ತತ್ತಾನೆ!"

ಎಲ್ಲರೂ ನಕ್ಕರು. ಕಿಟಕಿಯ ಮಕ್ಕಳೂ ಅರ್ಥವಾಗದೆಯೇ ನಕ್ಕವು. ನನ್ನ ಕಿವಿ ಬಿಸಿಯಾಯಿತು.

ಸಾಹುಕಾರರು ನನ್ನನ್ನು ಹೊರಗೆ ಹೊಂಗೆ ಮರದಡಿಗೆ ಕರೆದುಕೊಂಡು ಬಂದರು. ಬೈಯುತ್ತಾರೆಂದು ನಿಂತಿದ್ದೆ. ಅವರು ಉತ್ತರೀಯದಿಂದ ಕತ್ತು ಒರೆಸಿಕೊಂಡು ತಮ್ಮ ಕಥೆ ಹೇಳಿದರು.

"ಬೆಳಗೊಳದಾಗೆ ಮಸ್ತಕಾಭಿಷೇಕ ಆಯ್ತಲ್ಲ, ಆವಾಗ ನಾನೂ ಬೆಟ್ಟ ಹತ್ತಿದ್ದೆ. ಮುಂದಿನ ಅಭಿಷೇಕದ ಗಂಟ ಏನಾದ್ರೊಂದು ಬಿಡ್ಬೇಕು ಅಂತ ಎಲ್ರೂ ಬಿಡ್ತಿದ್ರು. ನನ್ ಪಕ್ದೋರು ಹಾಗಲಕಾಯಿ ಬಿಟ್ರು. ಇನ್ನೊಬ್ರು ಹಲಸಿನಹಣ್ಣು ಬಿಟ್ರು, ಮೊದ್ಲೇ ಅವ್ರಿಗೆ ಹೊಟ್ಟೆಗಾಗ್ತಿರ್ಲಿಲ್ಲ. ನಾನು ತಲೆ ಎತ್ತಿ ನೋಡ್ದೆ. ರಾಜ್ಯ ಬಿಟ್ಟು, ಬಟ್ಟೆ ಬಿಟ್ಟು, ಎಲ್ಲಾ ಬಿಟ್ಟು ನಿಂತವ್ನೆ ಸ್ವಾಮಿ. ಅವನ ಪಾದದತ್ರ ನಿಂತ್ಕಂಡು ಹಾಗಲಕಾಯಿ ಬಿಟ್ಟೆ ಅನ್ನಕ್ಕೆ ನಾಚ್ಕೆ ಆಯ್ತು. ಸಿಹಿ ಬಿಟ್ಟೆ ಅಂದ್ಬುಟ್ಟೆ." ಉತ್ತರೀಯವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಸೇರಿಸಿದರು: "ಬೆಟ್ಟ ಇಳಿಯೋವಾಗ್ಲೇ ಗೊತ್ತಾಯ್ತು, ಏನ್ ಮಾಡ್ಕಂಡೆ ಅಂತ."

ಅವರ ದುಃಖ ಎಷ್ಟು ನಿಜವಾಗಿತ್ತೆಂದರೆ ನನಗೆ ನಗು ತಡೆಯುವುದು ಕಷ್ಟವಾಯಿತು. ಮಿಠಾಯಿ ಇಷ್ಟವೆಂದೇ ಮಿಠಾಯಿ ವ್ಯಾಪಾರಕ್ಕೆ ಇಳಿದ ಮನುಷ್ಯ ಅವರು. ವ್ರತ ಹಿಡಿದ ಮೇಲೆ ಅಂಗಡಿಯ ಗುಮಾಸ್ತನಿಗೆ ತಿನ್ನಿಸಿ ನೋಡಿದರಂತೆ, ಯಾವ ಏಜೆಂಟ್ ಕಾಫಿ ಕುಡಿಸಿದನೋ ಅವನ ಸರಕೇ ಗುಮಾಸ್ತನಿಗೆ ರುಚಿಸುತ್ತಿತ್ತು. ಮಕ್ಕಳಿಗೆ ತಿನ್ನಿಸಿದರೆ ಅವಕ್ಕೆ ಎಲ್ಲವೂ ರುಚಿ.

"ಅದಕ್ಕೇ ನಿನ್ನ ಕರ್ಕಂಡ್ ಬಂದಿದ್ದು. ನೀನು ತಿಂದು ಹೇಳ್ಬೇಕು, ನಾನು ಕೇಳಿ ತಿನ್ಬೇಕು. ಒಂದು ನೆಪ್ಪಿರ್ಲಿ ಅಮ್ಮಣ್ಣಿ, ವ್ರತ ಮುಗಿದ ಮ್ಯಾಲೆ ನಾನೇ ಬಾಯಿಗೆ ಹಾಕ್ಕಂಡ್ ನೋಡ್ತೀನಿ. ಇಷ್ಟು ದಿನ ನಿಜ ಹೇಳಿದ್ಯಾ, ಇಲ್ಲಾ ನಂಗೆ ನೈಸ್ ಮಾಡಿದ್ಯಾ, ಆವತ್ತು ಗೊತ್ತಾಯ್ತದೆ."

ಅವತ್ತು ಎನ್ನುವುದು ಬಹಳ ದೂರದಲ್ಲಿತ್ತು. ಆದರೂ ಆ ಮಾತು ನನ್ನ ಬೆನ್ನ ಹಿಂದೆ ಕೂತುಬಿಟ್ಟಿತು.

ರೋಷದಿಂದ ಮತ್ತೆ ಒಳಗೆ ನುಗ್ಗಿದೆ. ನುಗ್ಗಿದ್ದು ಪೆಪ್ಪರಮೆಂಟಿನ ಮಳಿಗೆಗೆ. ಬಿಳಿ ಬಿಲ್ಲೆಗಳನ್ನು ಒಂದರ ಮೇಲೊಂದು ಅಗಿದೆ. ಆಮೇಲೆ ನಾಲಿಗೆ ಅನ್ನುವುದು ಬಾಯಲ್ಲಿದೆಯೋ ಇಲ್ಲವೋ ತಿಳಿಯದಾಯಿತು. ಪಕ್ಕದ ಮಳಿಗೆಯ ಕಿತ್ತಳೆ ತೊಳೆಯಾಕಾರದ ಮಿಠಾಯಿ ತಿಂದು, "ತಣ್ಣಗಿದೆ" ಎಂದೆ. ಅದರಾಚೆಯ ಹಾಲಿನ ಟಾಫಿ ತಿಂದು, "ಇದೂ ತಣ್ಣಗಿದೆ" ಎಂದೆ.

"ಬೊಂಬಾಯೋರು ಐಸ್ ಮಾರಕ್ಕೆ ಬಂದವ್ರಾ?" ಎಂದರು ಸಾಹುಕಾರರು.

ಆ ಹಾಲ್‌ನಲ್ಲಿ ನನ್ನನ್ನು ಬಿಟ್ಟರೆ ಇದ್ದ ಇನ್ನೊಬ್ಬ ಹೆಂಗಸು ತಾಯಮ್ಮ, ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಪಕ್ಕ ಪೆಟ್ಟಿಗೆ ಅಂಗಡಿ ಇಟ್ಟಿದ್ದವರು. ನನ್ನ ಪೇಚಾಟ ನೋಡುತ್ತಲೇ ಇದ್ದು ಹತ್ತಿರ ಬಂದು, ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಕಡ್ಲೆಪುರಿ ನನ್ನ ಅಂಗೈಗೆ ಸುರಿದರು.

"ಬಾಯ್ ತುಂಬಾ ಹಾಕ್ಕಂಡು ಅಗಿಯವ್ವ. ಪಾತ್ರೆ ತಿಕ್ಕಿದಂಗಾಯ್ತದೆ."

ಪಾತ್ರೆ ತಿಕ್ಕಿದ ಹಾಗೆಯೇ ಆಯಿತು. ಮುಂದಿನ ಮಳಿಗೆಯಲ್ಲಿದ್ದದ್ದು ಬಟರ್‌ಸ್ಕಾಚ್. ಈ ಸಲ ಅವಸರ ಮಾಡಲಿಲ್ಲ. ಕಣ್ಣು ಮುಚ್ಚಿಕೊಂಡು, ನಾಲಿಗೆಯ ಮೇಲೆ ಆದದ್ದನ್ನು ಆದ ಹಾಗೇ ಹೇಳುತ್ತ ಹೋದೆ.

"ಕಚ್ಚಿದರೆ ಗಾಜಿನ ಹಾಗೆ ಒಡೆಯುತ್ತೆ. ಮೊದಲು ಸಿಹಿ ಬರೋದಿಲ್ಲ, ಬೆಣ್ಣೆ ಕಾಯಿಸೋ ವಾಸನೆ ಬರುತ್ತೆ. ಆಮೇಲೆ ಸಿಹಿ. ಕೊನೇಲಿ, ಆಲೆಮನೇಲಿ ಕೊಪ್ಪರಿಗೆ ತಳ ಕೆರೆದು ಕೊಡ್ತಾರಲ್ಲ, ಆ ಸೀದ ಚೂರಿನ ಕಹಿ. ಚಿಟಿಕೆಯಷ್ಟು."

"ಆಮ್ಯಾಕೆ?"

"ಆಮೇಲೆ ಉಪ್ಪು. ಇದೆಯೋ ಇಲ್ಲವೋ ಅನ್ನೋ ಹಾಗೆ."

ಕಣ್ಣು ತೆರೆದು ನೋಡಿದರೆ ಸಾಹುಕಾರರೂ ಕಣ್ಣು ಮುಚ್ಚಿದ್ದರು. ಗಂಟಲಮಣಿ ಮೇಲೆ ಹೋಗಿ ಕೆಳಗಿಳಿಯಿತು. "ಹ್ಞೂಂ, ಬರ್ಕೋ" ಎಂದರು. ನನ್ನ ವೃತ್ತಿ ಶುರುವಾದದ್ದು ಅವರು ನುಂಗಿದ ಆ ಸದ್ದಿನಿಂದ.

ಮನೆಯಲ್ಲಿ ಅಮ್ಮ ಹಣೆ ಚಚ್ಚಿಕೊಂಡರು. "ಗಂಡಸರ ಮಧ್ಯೆ ನಿಂತು ಬಾಯಿ ಚಪ್ಪರಿಸೋದಕ್ಕಾ ನಿನ್ನ ಕಾನ್ವೆಂಟಿಗೆ ಕಳಿಸಿದ್ದು?" ಬಾಯಿ ಮುಚ್ಚಿಕೊಂಡು ಅಗಿಯುವುದನ್ನು ಸಿಸ್ಟರ್‌ಗಳೇ ಕಲಿಸಿದ್ದು, ಅದಕ್ಕೇ ಸಾಹುಕಾರರು ನನ್ನನ್ನು ಆರಿಸಿದ್ದು ಎಂದೆ. ಅದು ನಿಜವಲ್ಲ, ಆದರೆ ಅಮ್ಮನಿಗೆ ಸಮಾಧಾನವಾಯಿತು.

ಪ್ರತಿ ತಿಂಗಳೂ ಅಂಗಡಿಯ ವ್ಯಾನಿನಲ್ಲಿ ಮೂರೂ ತಾಲ್ಲೂಕು ಸುತ್ತುವುದು ನನ್ನ ಕೆಲಸವಾಯಿತು. ಹೊಸ ಸರಕು ಕೊಟ್ಟು, ಹಳೆಯದು ಹೇಗೆ ಹೋಯಿತೆಂದು ಕೇಳಿಕೊಂಡು ಬರಬೇಕು. ನಾನು ಕೇಳಲು ಹೋದೆ, ಕಲಿತು ಬಂದೆ.

ತಾಯಮ್ಮ ಪೆಪ್ಪರಮೆಂಟನ್ನು ದಾರಿಯಿಂದ ಅಳೆಯುತ್ತಿದ್ದರು. "ಇದು ಆಗಕ್ಕಿಲ್ಲ ಕಣವ್ವ. ನನ್ ಅಂಗ್ಡೀಲಿ ಬಾಯಿಗಾಕ್ಕಂಡ್ರೆ ಇಸ್ಕೂಲು ಮುಟ್ಟೋಗಂಟ ಇರ್ಬೇಕು. ಇದು ಸೇತ್ವೆ ಹತ್ರಾನೇ ಕರಗೋಯ್ತದೆ. ಮಕ್ಳು ನನ್ನ ಬಯ್ಕತವೆ." ಆಮೇಲೆ ನಾನು ಸಾಹುಕಾರರಿಗೆ ವರದಿ ಕೊಡುವಾಗ ಸೇತುವೆಯವರೆಗಿನದು, ಸ್ಕೂಲಿನವರೆಗಿನದು ಎಂದೇ ಹೇಳತೊಡಗಿದೆ. ಬೊಂಬಾಯಿಗೆ ಬರೆಯುವ ಪತ್ರದಲ್ಲಿ ಅದನ್ನು ಇಂಗ್ಲಿಷ್ ಮಾಡುವುದು ಹೇಗೆಂದು ಮಾತ್ರ ಕೊನೆಯವರೆಗೂ ಗೊತ್ತಾಗಲಿಲ್ಲ.

ಅರಕಲಗೂಡಿನಲ್ಲಿ ನನ್ನ ನಾಜೂಕು ನಡೆಯಲಿಲ್ಲ. ಅಲ್ಲಿ ಹೊಗೆಸೊಪ್ಪು ಬೆಳೆಯುವ ರೈತರು, ಅದನ್ನೇ ಅಗಿಯುವವರು. ನಾನು ಬಹಳ ಮೆಚ್ಚಿ ಆರಿಸಿದ್ದ ವೆನಿಲಾ ಟಾಫಿಯನ್ನು ಒಬ್ಬರು ಬಾಯಿಗೆ ಹಾಕಿಕೊಂಡು, ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿ, "ಇದ್ರಾಗೆ ಯಾರೂ ಮನೇಲಿಲ್ಲ ಕಣ್ ಮಿಸ್ಸು" ಎಂದರು. ಬೀಗ ಹಾಕಿದ ಮನೆಯ ಬಾಗಿಲು ತಟ್ಟಿದ ಹಾಗಂತೆ. ಇದಕ್ಕಿಂತ ಸರಿಯಾಗಿ ವೆನಿಲಾವನ್ನು ಯಾರೂ ವರ್ಣಿಸಿದ್ದನ್ನು ನಾನು ಕೇಳಿಲ್ಲ. ಅಲ್ಲಿಗೆ ಒಣಶುಂಠಿ ಹಾಕಿದ ಖಾರದ ಬಿಲ್ಲೆ ಕಳಿಸಿದೆವು. ಅದೇ ಮನುಷ್ಯ ಮುಂದಿನ ತಿಂಗಳು ಕಣ್ಣೀರು ಒರೆಸಿಕೊಳ್ಳುತ್ತ, "ಈಗ ಮನೇಲಿ ಎಲ್ಲಾ ಅವ್ರೆ!" ಎಂದರು.

ನನ್ನ ದೊಡ್ಡ ಬ್ಲಂಡರ್ ಆದದ್ದು ಚನ್ನರಾಯಪಟ್ಟಣದಲ್ಲಿ, ಅದೂ ನಂಜುಂಡಶೆಟ್ಟರ ಎದುರಿಗೇ. ಒಂದು ಕಂಪನಿಯ ಗುಲಾಬಿ ಬಿಲ್ಲೆ ನನಗೆ ತುಂಬ ಹಿಡಿಸಿತ್ತು. ಸಿಸ್ಟರ್‌ಗಳ ತೋಟದ ಗುಲಾಬಿಯ ನೆನಪಾಗಿ, ಅದನ್ನು ಸಾಹುಕಾರರಿಗೆ ಕವಿತೆಯ ಹಾಗೆ ಬಣ್ಣಿಸಿದ್ದೆ. ಅವರು ಕಣ್ಣು ಮುಚ್ಚಿ ಎರಡು ಸಲ ನುಂಗಿ ಡಬ್ಬಗಟ್ಟಲೆ ತರಿಸಿದರು. ಶೆಟ್ಟರೂ ನಮ್ಮಿಂದ ಕೊಂಡರು. ನಾನು ಅವರ ಅಂಗಡಿಯಲ್ಲಿದ್ದಾಗಲೇ ಒಬ್ಬ ಅಜ್ಜಿ ಬಂದು ಬಿಲ್ಲೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದರು.

"ಲೇ ನಂಜುಂಡ, ಇದು ತಿನ್ನೋದಾ ಮೈಗೆ ಹಚ್ಕಳೋದಾ? ನನ್ ಮೊಮ್ಮಗ ಬಾಯ್ ತೆಗುದ್ರೆ ಸೋಪಿನ ವಾಸ್ನೆ ಕಣ್ಲಾ!"

ಶೆಟ್ಟರು ನನ್ನ ಕಡೆ ತಿರುಗಿ ಕೈಮುಗಿದರು. "ಬಾಡ್ಗೆ ನಾಲ್ಗೆಯೋರೇ, ಸ್ನಾನಕ್ಕೆ ನೀರು ಕಾಯ್ಸಲಾ?"

ಹಾಸನಕ್ಕೆ ಬಂದು ಅಳುಮುಖ ಮಾಡಿಕೊಂಡು ಹೇಳಿದೆ. ಸಾಹುಕಾರರು ಕೋಪಿಸಿಕೊಳ್ಳಲಿಲ್ಲ. "ನೀನು ನಾಲ್ಗೆ ಮ್ಯಾಲಿದ್ದುದ್ನ ಹೇಳ್ಲಿಲ್ಲ ಅಮ್ಮಣ್ಣಿ, ಮನಸ್ನಲ್ಲಿದ್ದುದ್ನ ಹೇಳ್ದೆ. ನಂಗೂ ಚೆನ್ನಾಗೇ ಇತ್ತು. ಆದ್ರೆ ಅವ್ರು ನಿಮ್ ಇಸ್ಕೂಲ್ ತ್ವಾಟ ನೋಡಿಲ್ವಲ್ಲ" ಎಂದರು. ಉಪದೇಶದ ಉಳಿದರ್ಧದಲ್ಲಿ ಒಂದು ಪಾಲು ಇದು. ರುಚಿಗೆ ನಿಮ್ಮ ನೆನಪನ್ನು ಬೆರೆಸಿದರೆ ಅದು ನಿಮ್ಮೊಬ್ಬರಿಗೇ ರುಚಿಯಾಗುತ್ತದೆ.

ಕಾಲ ಬದಲಾಗುತ್ತಿತ್ತು. ಬಿಡಿ ಬಿಡಿಯಾಗಿ ಬರುತ್ತಿದ್ದ ಟಾಫಿಗಳು ಮೇಣದ ಕಾಗದ ಸುತ್ತಿಕೊಂಡವು, ಆಮೇಲೆ ಪರಪರ ಎನ್ನುವ ಹೊಳೆಯುವ ಕಾಗದ. ಒಂದು ಕಂಪನಿಯವರು ಡೀಲರ್‌ಗಳಿಗೆಲ್ಲ ಅಚ್ಚು ಮಾಡಿಸಿದ ಹಾಳೆ ಕಳಿಸಿದರು: ಎಕ್ಸಲೆಂಟ್, ಗುಡ್, ಫೇರ್, ಯಾವುದಕ್ಕಾದರೂ ಟಿಕ್ ಹಾಕಿ. ನಾನು ಓದಿ ಹೇಳಿದೆ. "ಮೂರೇ ರುಚಿನಾ ಅವ್ರ ಊರಾಗೆ?" ಎಂದು ಸಾಹುಕಾರರು ಮರುಗಿದರು. ನನ್ನ ತಮ್ಮನ ಮೊಮ್ಮಗಳ ಹಾಳೆಯಲ್ಲಿ ಈಗ ಟಿಕ್ ಹಾಕುವ ಮನೆಗಳು ಇನ್ನೂ ಹೆಚ್ಚಿವೆಯಂತೆ. ಒಳ್ಳೆಯದೇ. ಲೆಕ್ಕಕ್ಕೆ ಅವು ಬೇಕು. ಆದರೆ ಟಿಕ್ ಹಾಕಿದ ಮೇಲೆ ಕಣ್ಣು ಮುಚ್ಚಿ, ತಿನ್ನಲಾಗದ ಒಬ್ಬರಿಗೆ ಅದನ್ನು ಹೇಳಬೇಕಾದರೆ ಏನು ಹೇಳುತ್ತೀಯ ಎಂದು ಕೇಳಿಕೋ ಎಂದು ಅವಳಿಗೆ ಹೇಳಿದ್ದೇನೆ. ಉಪದೇಶದ ಉಳಿದ ಪಾಲು ಇದೇ.

ನಡುವೆ ನನ್ನ ಮದುವೆಯೂ ಆಯಿತು. ಧಾರೆಯ ದಿನ ಸಾಹುಕಾರರು ಬಂದು, ಹಾಸನದಲ್ಲೇ ಮೇಷ್ಟರಾಗಿದ್ದ ನನ್ನ ಗಂಡನನ್ನು ಪಕ್ಕಕ್ಕೆ ಕರೆದು, "ನಾಲ್ಗೆ ಮಾತ್ರ ಅಂಗ್ಡೀದು ಸಾ. ಉಳಿದಿದ್ದೆಲ್ಲಾ ನಿಮ್ದು. ಕಾಫೀನ ಸುಡೋವಂಗೆ ಕೊಡ್ಬೇಡಿ" ಎಂದರಂತೆ. ನಮ್ಮವರು ಬದುಕಿರುವವರೆಗೂ ನನ್ನ ಲೋಟದ ಕಾಫಿಯನ್ನು ಆರಿಸಿಯೇ ಕೊಡುತ್ತಿದ್ದರು.

ಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ಸಾಹುಕಾರರು ದಿನ ನೂಕುತ್ತಿದ್ದರು. ಆ ಹನ್ನೆರಡು ತುಂಬಿತು. ಅಭಿಷೇಕದ ಸುದ್ದಿಯಿಲ್ಲ. ಮುಂದಕ್ಕೆ ಹೋಗಿದೆ ಎಂದರು. ಬೆಳಗೊಳದಿಂದ ಯಾರೇ ಅಂಗಡಿಗೆ ಬಂದರೂ ಇವರ ಮೊದಲ ಪ್ರಶ್ನೆ, "ಯಾವಾಗಂತೆ?" ಬಂದವರು ಇವರ ಭಕ್ತಿಗೆ ಬೆರಗಾಗಿ ಹೋಗುತ್ತಿದ್ದರು. ಅವರ ಹೆಂಡತಿ ಪದ್ಮಾವತಮ್ಮನವರು ನನಗೆ ಕಣ್ಣು ಹೊಡೆದು, "ಭಕ್ತಿ ಅಲ್ಲ ಕಣೆ, ಹೋಳಿಗೆ" ಎನ್ನುತ್ತಿದ್ದರು.

ಅರವತ್ತರ ದಶಕದ ಕೊನೆಯ ಹೊತ್ತಿಗೆ ಅಂತೂ ಅಭಿಷೇಕ ಬಂತು. ಸಾಹುಕಾರರು ಬೆಟ್ಟ ಹತ್ತಿ, ಒಂದು ಬೊಗಸೆ ಕಬ್ಬಿನ ಹಾಲು ಕುಡಿದು ವ್ರತ ಬಿಟ್ಟರು. ಅದು ಅವರಲ್ಲಿಯ ಸಂಪ್ರದಾಯ. ಆಮೇಲೆ ಮನೆಗೆ ಬಂದರೆ ಪದ್ಮಾವತಮ್ಮ ಹೋಳಿಗೆ ಬೇಯಿಸಿ ಕಾಯುತ್ತಿದ್ದರು. "ಇನ್ನೊಂದಷ್ಟು ದಿನ ತಡಿ. ಪರಸೆ ಬರ್ಲಿ. ಅಲ್ಲಿ ಬಾಕಿ ಐತೆ" ಎಂದುಬಿಟ್ಟರಂತೆ. ಪದ್ಮಾವತಮ್ಮ ಆ ಹೋಳಿಗೆಯನ್ನೆಲ್ಲ ಅಂಗಡಿಗೆ ಕಳಿಸಿದರು. ಅಂಗಡಿಯವರೆಲ್ಲ ತಿಂದರು. ನಾನು ಮಾತ್ರ ನನ್ನ ಪಾಲನ್ನು ಗುಮಾಸ್ತನಿಗೆ ಕೊಟ್ಟುಬಿಟ್ಟೆ. ಹೊಂಗೆ ಮರದಡಿ ಹೇಳಿದ್ದ ಆ ದಿನ ಬಂದಿತ್ತು. ಇಷ್ಟು ವರ್ಷ ನಾನು ಹೇಳಿದ್ದನ್ನೆಲ್ಲ ಅವರು ಇನ್ನು ತಮ್ಮ ಬಾಯಲ್ಲೇ ಒರೆಹಚ್ಚಿ ನೋಡುತ್ತಾರೆ. ಗುಲಾಬಿ ಬಿಲ್ಲೆಯಂಥದ್ದು ನನಗೆ ತಿಳಿಯದೆ ಇನ್ನೆಷ್ಟು ಆಗಿದ್ದವೋ?

ಪರಸೆ ಬಂತು. ಹೈಸ್ಕೂಲಿನ ಅದೇ ಹಾಲ್, ಅದೇ ಬೆಂಚುಗಳು. ಕಿಟಕಿಯಲ್ಲಿ ಆಗಿನ ಮಕ್ಕಳ ತಮ್ಮ ತಂಗಿಯರು. ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು. ಸಾಹುಕಾರರ ಬಾಯಿಗೆ ಬೀಳುವ ಮೊದಲ ಮಿಠಾಯಿ ನಮ್ಮದಾಗಲಿ ಎಂದು ಏಜೆಂಟರೆಲ್ಲ ತಟ್ಟೆ ಹಿಡಿದು ನಿಂತಿದ್ದರು. ತಲೆ ಬೆಳ್ಳಗಾಗಿದ್ದ ನಂಜುಂಡಶೆಟ್ಟರು ಬಾಗಿಲಲ್ಲೇ ತಡೆದರು.

"ಏನ್ ಸಾವ್ಕಾರ್ರೇ, ಇವತ್ತು ಸ್ವಂತ ನಾಲ್ಗೆನಾ?"

"ಸ್ವಂತದ್ದು ತುಕ್ಕಿಡಿದೈತೆ ಸೆಟ್ರೇ. ಬಾಡ್ಗೇದೂ ಜೊತೇಲೇ ಐತೆ."

ನಾನು ನೆಟ್ಟಗೆ ಬಟರ್‌ಸ್ಕಾಚಿನ ಮಳಿಗೆಗೆ ಹೋಗಿ ಒಂದನ್ನು ತಂದು ಅವರ ಮುಂದೆ ಹಿಡಿದೆ. ನಾನು ಹೇಳಿದ್ದರಲ್ಲಿ ಅತ್ಯಂತ ನಂಬಿಕೆ ಇದ್ದದ್ದು ನನಗೆ ಅದರ ಮೇಲೆಯೇ. ಅವರು ಬೇಡವೆಂದು ತಲೆಯಾಡಿಸಿದರು.

"ಮೊದ್ಲು ಇದಲ್ಲ. ಆ ಮೊದ್ಲನೇ ದಿನದ್ದು ಬೇಕು. ನೈಸ್ ಅಂದ್ಯಲ್ಲ, ಅದು. ಅದೊಂದನ್ನ ನೀನು ಹೇಳ್ಲೇ ಇಲ್ಲ. ಏನಿತ್ತು ಅದ್ರಾಗೆ ಅಂತ ಇಷ್ಟ್ ವರ್ಸ ಕೊರೀತೈತೆ."

ಅದು ಯಾವುದೆಂದು ನನಗೇ ನೆನಪಿಲ್ಲ! ಹೇಳದೆ ಹೋದ ರುಚಿ ನೆನಪಿನಲ್ಲಿ ಉಳಿಯುವುದಾದರೂ ಎಲ್ಲಿ? ಬಲಗಡೆಯ ಮೊದಲ ಮಳಿಗೆ ಎನ್ನುವುದಷ್ಟೇ ಗೊತ್ತು. ಅಲ್ಲಿ ಈಗ ಬೇರೆ ಯಾರೋ ಇದ್ದರು. ನಾನು ಬಾಯಿ ಬಿಡದ್ದರಿಂದ ಅದಕ್ಕೆ ನಾವು ಆರ್ಡರನ್ನೂ ಕೊಟ್ಟಿರಲಿಲ್ಲ. ಆ ಕಂಪನಿ ಮುಚ್ಚಿ ಬಹಳ ಕಾಲವಾಯಿತು ಎಂದರು ಯಾರೋ.

ಮುಖ ನೋಡಿಯೇ ತಿಳಿದುಕೊಂಡಂತೆ ತಾಯಮ್ಮ ಸೆರಗಿನ ಗಂಟು ಬಿಚ್ಚಿದರು. ಅವರಿಗೀಗ ಹಲ್ಲು ಇರಲಿಲ್ಲ, ಕಡ್ಲೆಪುರಿ ಇತ್ತು. "ತಲೇಗೆ ಮರ್ತೋದ್ರೆ ಬಾಯಿಗೆ ನೆಪ್ಪಿರ್ತದೆ ಕಣವ್ವ. ಒಂದ್ಕಡೆಯಿಂದ ತಿಂದ್ಕಂಡ್ ಬಾ."

ಒಂದು ಕಡೆಯಿಂದ ಶುರು ಮಾಡಿದೆ. ಒಂದು ಟಾಫಿ, ಒಂದಿಷ್ಟು ಕಡ್ಲೆಪುರಿ. ನನ್ನ ಹಿಂದೆ ಸಾಹುಕಾರರು, ಅವರ ಹಿಂದೆ ಶೆಟ್ಟರು, ಅವರ ಹಿಂದೆ ಅರ್ಧ ಹಾಲ್. ವಿಚಿತ್ರವೆಂದರೆ ಪದಗಳು ಈಗ ನನ್ನನ್ನು ಬಿಡುತ್ತಲೇ ಇರಲಿಲ್ಲ. ಬಾಯಿಗೆ ಹಾಕಿಕೊಳ್ಳುವುದಷ್ಟೇ ತಡ, ಬಂದು ಕೂರುತ್ತಿದ್ದವು. ಇದು ತಳ ಹಿಡಿದ ಹಾಲು. ಇದು ಹೊಸ ಮಡಕೆಯ ನೀರು. ಇದು ಸೇತುವೆಯವರೆಗೆ. ಇದರಲ್ಲಿ ಯಾರೂ ಮನೆಯಲ್ಲಿಲ್ಲ. ಪದ ಬಂತೆಂದರೆ ಅದಲ್ಲ ಎಂದು ಮುಂದಕ್ಕೆ ಹೋಗುತ್ತಿದ್ದೆ. ಪದ ಇಲ್ಲದ್ದನ್ನು ಹುಡುಕುವ ಕೆಲಸ ಅದು. ಎಷ್ಟೋ ವರ್ಷ ಉಲ್ಟಾ ಕೆಲಸ ಮಾಡಿದವಳಿಗೆ ಕಷ್ಟವೇ.

ಕೊನೆಯ ಸಾಲಿನ ಮೂಲೆಯಲ್ಲಿ ಸಣ್ಣದೊಂದು ಮಳಿಗೆ. ತಟ್ಟೆಯಲ್ಲಿ ಕೆನೆ ಬಣ್ಣದ, ನೋಡಲು ಏನೇನೂ ಅಲ್ಲದ ಒಂದು ಟಾಫಿ. ಬಾಯಿಗೆ ಹಾಕಿಕೊಂಡೆ. ಕಾದೆ. ಏನೂ ಬರಲಿಲ್ಲ. ಕೊಪ್ಪರಿಗೆ ಬರಲಿಲ್ಲ, ಮಡಕೆ ಬರಲಿಲ್ಲ. ಕೈಯಲ್ಲಿ ಪೆನ್ನು ಹಿಡಿದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಪ್ರಪಂಚದಲ್ಲಿ ಕಷ್ಟವಾದದ್ದು ಯಾವುದೂ ಇಲ್ಲ ಎಂದುಕೊಂಡಿದ್ದ ಒಬ್ಬಳು ಹುಡುಗಿ ಮಾತ್ರ ನನ್ನೊಳಗೆ ಬಂದು ನಿಂತಳು. ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿತು, "ನೈಸ್."

ಹೇಳಿದವಳೇ ಜೋರಾಗಿ ನಕ್ಕುಬಿಟ್ಟೆ. "ಇದೇ ಸಾಹುಕಾರ್ರೇ!"

ಏಜೆಂಟ್ ಗಾಬರಿಯಾಗಿ, ಮುಚ್ಚಿಹೋದ ಹಳೆಯ ಕಂಪನಿಯೊಂದರ ಪಾಕವನ್ನು ತಾವು ಕೊಂಡುಕೊಂಡು ಮಾಡುತ್ತಿದ್ದೇವೆ, ಏನಾದರೂ ತಪ್ಪಾಗಿದೆಯೇ ಎಂದ. ತಪ್ಪಿಲ್ಲ ಎಂದೆ. ಅಭ್ಯಾಸಬಲದಿಂದ, "ಎಗ್ ಇಲ್ಲ ತಾನೇ? ಕೈಂಡ್ಲಿ ಕನ್ಫರ್ಮ್" ಎಂದೂ ಕೇಳಿದೆ. ಇಲ್ಲ ಎಂದ.

ಸಾಹುಕಾರರು ಬೆನ್ನ ಹಿಂದೆ ಕಟ್ಟಿದ್ದ ಕೈಗಳನ್ನು ಬಿಡಿಸಿದರು. ಒಂದು ಟಾಫಿ ತೆಗೆದುಕೊಂಡರು. ಬೆಳಗೊಳದ ದಿಕ್ಕಿಗೆ ಒಮ್ಮೆ ಕಣ್ಣೆತ್ತಿ, ಬಾಯಿಗೆ ಹಾಕಿಕೊಂಡರು. ಕಿಟಕಿಯ ಮಕ್ಕಳು ಸರಳುಗಳಿಗೆ ಮುಖ ಒತ್ತಿ ನೋಡಿದವು. ನಾನು ಅವರ ದವಡೆಯನ್ನು ನೋಡುತ್ತ ನಿಂತೆ. ಕೊನೆಗೆ ತಡೆಯಲಾರದೆ ಅವರ ಮಾತಿನಲ್ಲೇ ಕೇಳಿದೆ:

"ಎಂಗೈತೆ?"

ಅವರು ಬಾಯಿ ತೆರೆದರು, ಮುಚ್ಚಿದರು. ಸೂರನ್ನು ನೋಡಿದರು, ನೆಲವನ್ನು ನೋಡಿದರು.

"ನೈಸ್" ಎಂದರು.

"ನೈಸು ಅಂದ್ರೆ ಗಿರಣಿ ಹಿಟ್ಟಾ, ಇಲ್ಲಾ ನನಗೆ ನೈಸ್ ಮಾಡ್ತಿದ್ದೀರಾ?"

"ತಡಿಯಮ್ಮಣ್ಣಿ," ಕೆನ್ನೆ ಉಬ್ಬಿಸಿಕೊಂಡೇ ಕೈ ಎತ್ತಿದರು, "ಇನ್ನೂ ಕರಗಿಲ್ಲ."

ಇಡೀ ಹಾಲ್ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಶೆಟ್ಟರು. ನಾನೂ ನಕ್ಕೆ, ಆದರೆ ನನ್ನ ಪರೀಕ್ಷೆ ಇನ್ನೂ ಆಗಿರಲಿಲ್ಲ.

ಟಾಫಿ ಪೂರ್ತಿ ಕರಗಿದ ಮೇಲೆ ಸಾಹುಕಾರರು ತಾಯಮ್ಮನ ಕೈಯಿಂದ ಒಂದು ಹಿಡಿ ಕಡ್ಲೆಪುರಿ ಈಸಿಕೊಂಡು ಅಗಿದರು. ಆಮೇಲೆ ತಾವೇ ನಡೆದು ಬಟರ್‌ಸ್ಕಾಚಿನ ಮಳಿಗೆಗೆ ಹೋದರು. ಒಂದನ್ನು ತೆಗೆದು ಹಲ್ಲಿಗಿಟ್ಟು ಕಚ್ಚಿದರು. ಟಕ್ ಎಂದು ಗಾಜಿನ ಹಾಗೆ ಒಡೆಯಿತು. ಕಣ್ಣು ಮುಚ್ಚಿದರು. ನಾನು ಒಳಗೊಳಗೇ ಅವರ ಜೊತೆ ಹೆಜ್ಜೆ ಹಾಕಿದೆ. ಈಗ ಬೆಣ್ಣೆ. ಈಗ ಸಿಹಿ. ಈಗ ಕೊಪ್ಪರಿಗೆಯ ತಳ. ಈಗ ಉಪ್ಪು, ಇದೆಯೋ ಇಲ್ಲವೋ ಅನ್ನುವ ಹಾಗೆ. ಗಂಟಲಮಣಿ ಮೇಲೆ ಹೋಗಿ ಕೆಳಗಿಳಿಯಿತು, ಮೊದಲ ದಿನ ಇಳಿದ ಹಾಗೆಯೇ.

ಕಣ್ಣು ತೆರೆದಾಗ ಅವರ ಮುಖದಲ್ಲಿ, ಗುರುತಿಲ್ಲದ ಊರಿನಲ್ಲಿ ಬಸ್ಸಿಳಿದವರಿಗೆ ಸ್ವಂತ ಅಣ್ಣನೇ ಎದುರಾದಂಥ ಆಶ್ಚರ್ಯವಿತ್ತು.

"ಎಂಗೈತೆ ಸಾವ್ಕಾರ್ರೇ?" ಕೇಳಿದವರು ಶೆಟ್ಟರು.

ನನ್ನ ಕಡೆ ಕೈ ತೋರಿಸಿ, "ಇದ್ನ ನಾನು ಆವತ್ತೇ ತಿಂದಿದ್ದೀನಿ ಸೆಟ್ರೇ" ಎಂದರು.